ಕಾರ್ಯಾಲಯದ ಗೋಡೆಯ ಮೇಲೆ ಡಿಜಿಟಲ್ ಚಿತ್ರಫಲಕ: ಅಳವಡಿಕೆ ಮತ್ತು ರಕ್ಷಣೆ

ಮುಂಬಯಿಯ ಹಳೆಯ ಕಾರ್ಯಾಲಯಗಳನ್ನು ಪ್ರವೇಶಿಸಿದವರ ಕಣ್ಣಿಗೆ ಮೊದಲು ಬೀಳುವುದು ಗೋಡೆಯ ಮೇಲಿನ ಚಿತ್ರಗಳು. ಸಂಸ್ಥಾಪಕರ ಭಾವಚಿತ್ರ, ಅದಕ್ಕೊಂದು ಗಂಧದ ಹಾರ. ಪಕ್ಕದಲ್ಲಿ ವಾರ್ಷಿಕೋತ್ಸವದ ಸಮೂಹಚಿತ್ರ. ಅದರ ಕೆಳಗೆ ಮಸುಕಾದ ಅಕ್ಷರಗಳಲ್ಲಿ ಹೆಸರುಗಳ ಸಾಲು. ಮಾಟುಂಗಾದ ಉಡುಪಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ, ಕೋಟೆ ಪ್ರದೇಶದ ಬ್ಯಾಂಕಿನ ಶಾಖೆಯಲ್ಲಿ, ಉಪನಗರದ ಕನ್ನಡ ಸಂಘದ ಸಭಾಂಗಣದಲ್ಲಿ ಇಂಥ ಚಿತ್ರಗಳು ಸಾಮಾನ್ಯ. ಇತ್ತೀಚಿನ ವರ್ಷಗಳಲ್ಲಿ ಇವುಗಳ ನಡುವೆ ಹೊಸದೊಂದು ಸಾಧನ ಸೇರಿಕೊಂಡಿದೆ. ಅದು ಕೆಲವು ಕ್ಷಣಗಳಿಗೊಮ್ಮೆ ಚಿತ್ರ ಬದಲಿಸುವ, ದೂರದಿಂದಲೇ ಹೊಸ ಚಿತ್ರಗಳನ್ನು ಪಡೆದುಕೊಳ್ಳುವ ಡಿಜಿಟಲ್ ಚಿತ್ರಫಲಕ. ಇದನ್ನು ಅಳವಡಿಸುವುದು ಕಷ್ಟವಲ್ಲ. ಆದರೆ ಅದರಲ್ಲಿ ತೋರುವ ಚಿತ್ರಗಳನ್ನು ಉಳಿಸಿಕೊಳ್ಳುವುದು ಬೇರೆಯೇ ಕೆಲಸ. ಈ ಎರಡನ್ನೂ ಒಂದೇ ಎಂದು ಭಾವಿಸಿದ ಸಂಸ್ಥೆ ಒಂದು ದಿನ ತನ್ನ ನೆನಪುಗಳನ್ನು ಕಳೆದುಕೊಳ್ಳಬಹುದು.

ಹಿನ್ನೆಲೆ

ಮುಂಬಯಿಗೂ ಛಾಯಾಚಿತ್ರಕ್ಕೂ ಇರುವ ನಂಟು ಹಳೆಯದು. ಈ ನಗರದಲ್ಲಿ ಛಾಯಾಚಿತ್ರ ಸಂಘವು 1854ರಷ್ಟು ಹಿಂದೆಯೇ ಸ್ಥಾಪನೆಯಾಯಿತು. ವೈದ್ಯರೂ ವಿದ್ವಾಂಸರೂ ಆಗಿದ್ದ ಡಾ. ಭಾವು ದಾಜಿ ಹಾಗೂ ಅವರ ಸಹೋದರ ನಾರಾಯಣ ದಾಜಿ ಆ ಸಂಘದಲ್ಲಿ ಪಾಲ್ಗೊಂಡಿದ್ದರು. 1926ರಲ್ಲಿ ಆರಂಭವಾದ ಮೈಸೂರು ಅಸೋಸಿಯೇಷನ್‌ನ ಕಟ್ಟಡ ಇಂದು ಇರುವುದು ಮಾಟುಂಗಾದ ಭಾವುದಾಜಿ ರಸ್ತೆಯಲ್ಲಿಯೇ.

ಕರಾವಳಿಯಿಂದಲೂ ಘಟ್ಟದ ಮೇಲಿನಿಂದಲೂ ಮುಂಬಯಿಗೆ ಬಂದ ಕನ್ನಡಿಗರ ತಲೆಮಾರುಗಳು ಹಗಲು ಹೋಟೆಲು, ಗಿರಣಿ, ಕಚೇರಿಗಳಲ್ಲಿ ದುಡಿದು, ರಾತ್ರಿ ಶಾಲೆಗಳಲ್ಲಿ ಓದಿದವು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಿಂದ, ಕರ್ನಾಟಕ ಸಂಘ 1933ರಿಂದ ಈ ಬದುಕಿಗೆ ಆಸರೆಯಾಗಿ ನಿಂತವು. ಇಂಥ ದುಡಿಮೆಯ ಬದುಕಿನ ಲಿಖಿತ ಇತಿಹಾಸ ಸ್ವಲ್ಪವೇ. ಉಳಿದುದು ಬಹುಮಟ್ಟಿಗೆ ಛಾಯಾಚಿತ್ರಗಳಲ್ಲಿದೆ. ಆದುದರಿಂದ ಗೋಡೆಯ ಚಿತ್ರ ಕೇವಲ ಅಲಂಕಾರವಲ್ಲ, ಅದು ದಾಖಲೆಯೂ ಹೌದು.

ಕಾಗದದ ದಾಖಲೆ ಎಷ್ಟು ದುರ್ಬಲವೆಂಬುದನ್ನು ಈ ನಗರ ಕಂಡಿದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಮಿಠಿ ನದಿ ಉಕ್ಕಿ ಕುರ್ಲಾ, ಕಲೀನಾ ಮೊದಲಾದ ಕಡೆ ನೆಲಮಹಡಿಗಳೊಳಗೆ ನೀರು ನುಗ್ಗಿತು. ಅದೇ ಅವಧಿಯಲ್ಲಿ ನಗರದ ದಕ್ಷಿಣ ತುದಿಯ ಕೊಲಾಬಾದಲ್ಲಿ ದಾಖಲಾದ ಮಳೆ ಸುಮಾರು 73 ಮಿಲಿಮೀಟರ್ ಮಾತ್ರ. 2012ರ ಜೂನ್ 21ರಂದು ಮಂತ್ರಾಲಯ ಕಟ್ಟಡದ ಮೇಲಿನ ಮಹಡಿಗಳನ್ನು ಬೆಂಕಿ ಆವರಿಸಿದಾಗ ಅಪಾರ ಕಡತಗಳು ಸುಟ್ಟುಹೋದವು. ಒಂದೇ ಪ್ರತಿ ಒಂದೇ ಸ್ಥಳದಲ್ಲಿದ್ದರೆ ನೀರಿಗೂ ಬೆಂಕಿಗೂ ಒಮ್ಮೆ ಬಂದು ಹೋದರೆ ಸಾಕು ಎಂಬುದು ಈ ಘಟನೆಗಳ ಪಾಠ.

ವ್ಯವಸ್ಥೆಯ ಅಂಗಗಳು

ಈ ವ್ಯವಸ್ಥೆಯಲ್ಲಿ ಮೂರು ಅಂಗಗಳಿವೆ. ಮೊದಲನೆಯದು ಪರದೆ. ಮೇಜಿನ ಮೇಲಿಡುವ 8ರಿಂದ 10 ಅಂಗುಲದ ಸಿದ್ಧ ಫಲಕವಾಗಲಿ, ಗೋಡೆಯ ಮೇಲಿನ 43 ಅಂಗುಲದ ಸ್ಮಾರ್ಟ್ ಟಿವಿಯಾಗಲಿ, ಸಾಮಾನ್ಯ ಟಿವಿಗೆ ಜೋಡಿಸಿದ ಪುಟ್ಟ ಗಣಕಯಂತ್ರವಾಗಲಿ ಈ ಕೆಲಸಕ್ಕೆ ಒದಗುತ್ತದೆ. ಎರಡನೆಯದು ಅಂತರಜಾಲ ಸಂಪರ್ಕ. ಮೂರನೆಯದು ಚಿತ್ರಗಳ ದೂರಸಂಗ್ರಹ, ಅಂದರೆ ಕ್ಲೌಡ್.

ಕ್ಲೌಡ್ ಎಂದರೆ ಮೋಡ. ಹೆಸರು ಆಕಾಶದ್ದಾದರೂ ವಸ್ತು ಭೂಮಿಯ ಮೇಲಿನದು. ಸಾವಿರಾರು ಗಣಕಯಂತ್ರಗಳು ಹಗಲಿರುಳೂ ಓಡುವ, ಸದಾ ತಂಪಾಗಿಡಬೇಕಾದ ಕಟ್ಟಡಗಳಲ್ಲಿ ಈ ಸಂಗ್ರಹವಿರುತ್ತದೆ. ಐರೋಲಿ, ಮಹಾಪೆ ಮುಂತಾದ ನವಿಮುಂಬಯಿಯ ಭಾಗಗಳಲ್ಲಿ ಇಂಥ ದತ್ತಾಂಶ ಕೇಂದ್ರಗಳು ಎದ್ದಿವೆ. ಹೊರದೇಶಗಳೊಡನೆ ಸಂಪರ್ಕ ಕಲ್ಪಿಸುವ ಸಮುದ್ರತಳದ ತಂತಿಗಳು ದಡ ಸೇರುವ ಸ್ಥಳಗಳಲ್ಲಿ ವರ್ಸೋವಾ ಒಂದು. ಆದ್ದರಿಂದ ಅಂಧೇರಿಯ ಕಚೇರಿಯೊಂದರ ಚಿತ್ರ ಖಾಡಿಯ ಆಚೆ ದಡದಲ್ಲಿರಬಹುದು, ಸಮುದ್ರದಾಚೆಯ ಇನ್ನೊಂದು ದೇಶದಲ್ಲಿಯೂ ಇರಬಹುದು. ಎಲ್ಲಿದ್ದರೂ ಅದು ಮತ್ತೊಬ್ಬರ ಕಟ್ಟಡದಲ್ಲಿ, ಮತ್ತೊಬ್ಬರ ನಿಬಂಧನೆಗಳಿಗೆ ಒಳಪಟ್ಟು ಇದೆ ಎಂಬುದು ನೆನಪಿರಬೇಕು.

ದೂರಸಂಗ್ರಹದ ಆಲ್ಬಮ್ಮಿಗೆ ಚಿತ್ರ ಸೇರಿದೊಡನೆ ಪರದೆಯಲ್ಲಿಯೂ ಅದು ಮೂಡುವಂತೆ ಮಾಡುವ ಕ್ರಿಯೆಗೆ ಸಿಂಕ್ ಎಂದು ಹೆಸರು. ಎರಡು ಕಡೆಯ ಸಂಗ್ರಹಗಳು ಸದಾ ಒಂದೇ ಸ್ಥಿತಿಯಲ್ಲಿರುವಂತೆ ನೋಡಿಕೊಳ್ಳುವುದೇ ಅದರ ಕೆಲಸ.

ಅಳವಡಿಸುವ ಕ್ರಮ

ಮೊದಲು ಸ್ಥಳದ ಆಯ್ಕೆ. ಕಿಟಕಿಯ ಎದುರಿನ ಗೋಡೆಯಲ್ಲಿ ಬೆಳಕು ಪ್ರತಿಫಲಿಸಿ ಚಿತ್ರ ಕಾಣದು. ಮುಂಬಯಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅನೇಕ ಹೊರಗೋಡೆಗಳು ನೀರು ಹೀರಿ ತೇವಗೊಳ್ಳುತ್ತವೆ. ಸಮುದ್ರದ ಗಾಳಿಯ ಉಪ್ಪು ಲೋಹವನ್ನು ತಿನ್ನುತ್ತದೆ. ಆದುದರಿಂದ ಒಳಗೋಡೆಯನ್ನು ಆರಿಸಿ, ಪರದೆಯ ಹಿಂದೆ ಗಾಳಿಯಾಡಲು ಸ್ವಲ್ಪ ಜಾಗ ಬಿಡುವುದು ಮೇಲು. ತಗ್ಗು ಪ್ರದೇಶದ ನೆಲಮಹಡಿಯಲ್ಲಿ ವಿದ್ಯುತ್ತಿನ ಪ್ಲಗ್ಗನ್ನೂ ಎತ್ತರದಲ್ಲಿಡಬೇಕು.

ಎರಡನೆಯದು ಸಂಪರ್ಕ. ಹಲವು ಸಿದ್ಧ ಫಲಕಗಳು 2.4 ಗಿಗಾಹರ್ಟ್ಸ್ ವೈಫೈಯನ್ನು ಮಾತ್ರ ಗ್ರಹಿಸುತ್ತವೆ. ಕೊಳ್ಳುವ ಮುನ್ನ ಇದನ್ನು ವಿಚಾರಿಸಬೇಕು. ಲೆಕ್ಕಪತ್ರ ಮತ್ತು ಗ್ರಾಹಕರ ವಿವರಗಳಿರುವ ಜಾಲಕ್ಕೆ ಫಲಕವನ್ನು ಸೇರಿಸದೆ, ಅತಿಥಿಗಳಿಗಾಗಿ ಇರುವ ಪ್ರತ್ಯೇಕ ಜಾಲಕ್ಕೆ ಜೋಡಿಸಬೇಕು. ಸಾಧನದೊಡನೆ ಬರುವ ಗುಪ್ತಪದವನ್ನು ಮೊದಲ ದಿನವೇ ಬದಲಿಸತಕ್ಕದ್ದು. 2020ರ ಅಕ್ಟೋಬರ್ 12ರ ಬೆಳಿಗ್ಗೆ ನಗರದ ಬಹುಭಾಗದಲ್ಲಿ ವಿದ್ಯುತ್ ಕಡಿದು ಉಪನಗರ ರೈಲುಗಳೇ ನಿಂತುಹೋದವು. ಅಂಥ ಸಂದರ್ಭದ ನಂತರ ವಿದ್ಯುತ್ ಮರಳಿದಾಗ ಫಲಕ ತಾನಾಗಿಯೇ ಆರಂಭವಾಗುವುದೇ ಎಂಬುದನ್ನು ಪ್ಲಗ್ ಕಿತ್ತು, ಮತ್ತೆ ಹಾಕಿ ಪರೀಕ್ಷಿಸಬೇಕು.

ಮೂರನೆಯದು ಖಾತೆ. ದೂರಸಂಗ್ರಹದ ಖಾತೆ ಸಂಸ್ಥೆಯ ಹೆಸರಿನಲ್ಲಿರಬೇಕೇ ಹೊರತು ಉತ್ಸಾಹಿ ನೌಕರರೊಬ್ಬರ ಸ್ವಂತ ಖಾತೆಯಾಗಿರಬಾರದು. ಆ ನೌಕರರು ವರ್ಗವಾದರೆ ಅಥವಾ ನಿವೃತ್ತರಾದರೆ ಚಿತ್ರಗಳೂ ಅವರೊಡನೆಯೇ ಹೋಗುತ್ತವೆ. ಖಾತೆಗೆ ಇಬ್ಬರು ಹೊಣೆಗಾರರಿರುವುದು ಮತ್ತು ಗುಪ್ತಪದದ ಜೊತೆಗೆ ಎರಡನೆಯ ಹಂತದ ದೃಢೀಕರಣವಿರುವುದು ಅವಶ್ಯ.

ನಾಲ್ಕನೆಯದು ಲೆಕ್ಕಾಚಾರ. ಮೊಬೈಲ್ ದೂರವಾಣಿಯಲ್ಲಿ ತೆಗೆದ ಒಂದು ಚಿತ್ರ ಸುಮಾರು 4 ಮೆಗಾಬೈಟ್ ಎಂದು ಇಟ್ಟುಕೊಂಡರೆ 500 ಚಿತ್ರಗಳಿಗೆ 2 ಗಿಗಾಬೈಟ್ ಸ್ಥಳ ಸಾಕು. ಚಿತ್ರವೊಂದಕ್ಕೆ 10 ಸೆಕೆಂಡ್ ಕೊಟ್ಟರೆ 60 ಚಿತ್ರಗಳ ಒಂದು ಸುತ್ತು 10 ನಿಮಿಷಗಳಲ್ಲಿ ಮುಗಿಯುತ್ತದೆ. ಕಾದು ಕುಳಿತವರಿಗೆ ಇಷ್ಟು ಸಾಕು. 500ನ್ನೂ ಒಮ್ಮೆಗೇ ತೋರಿಸಹೊರಟರೆ ಯಾವುದೂ ಮನಸ್ಸಿನಲ್ಲಿ ಉಳಿಯದು. 100 ವ್ಯಾಟ್ ಸಾಮರ್ಥ್ಯದ ಪರದೆ ದಿನಕ್ಕೆ 10 ಗಂಟೆ ಉರಿದರೆ ಒಂದು ಯೂನಿಟ್ ವಿದ್ಯುತ್ ಖರ್ಚಾಗುತ್ತದೆ. ಕಚೇರಿ ಮುಚ್ಚುವ ವೇಳೆಗೆ ಅದು ತಾನಾಗಿ ಆರುವಂತೆ ಸಮಯ ನಿಗದಿಪಡಿಸಬಹುದು.

ಚಿತ್ರದ ಅಡಿಬರಹವನ್ನು ಕನ್ನಡದಲ್ಲಿ ಕೊಡುವವರು ಯೂನಿಕೋಡ್ ಅಕ್ಷರಗಳನ್ನೇ ಬಳಸಬೇಕು. ಹಳೆಯ ಲಿಪಿ ತಂತ್ರಾಂಶಗಳಲ್ಲಿ ಬೆರಳಚ್ಚು ಮಾಡಿದ ಸಾಲುಗಳು ಇಂಥ ಪರದೆಗಳಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣಬಹುದು. ಬರಹವನ್ನು ಚಿತ್ರದ ಭಾಗವಾಗಿಯೇ ಅಚ್ಚೊತ್ತಿ ಸೇರಿಸುವುದು ಇನ್ನೂ ಸುರಕ್ಷಿತ. ಆದರೆ ಬರಹವಿಲ್ಲದ ಮೂಲಪ್ರತಿ ಬೇರೆಯಾಗಿ ಉಳಿದಿರಬೇಕು.

ಸಿಂಕ್ ಎಂದರೆ ಸಂರಕ್ಷಣೆಯಲ್ಲ

ದೂರಸಂಗ್ರಹಕ್ಕೆ ಸೇರಿದ ಚಿತ್ರ ಶಾಶ್ವತವಾಗಿ ಸುರಕ್ಷಿತವೆಂಬುದು ಅನೇಕರ ನಂಬಿಕೆ. ಇದು ಅಪಾಯಕಾರಿ. ಸಿಂಕ್ ವ್ಯವಸ್ಥೆ ಹೊಸ ಚಿತ್ರವನ್ನು ಎಲ್ಲೆಡೆ ಮೂಡಿಸುವಷ್ಟೇ ನಿಷ್ಠೆಯಿಂದ, ಅಳಿಸಿದ ಚಿತ್ರವನ್ನು ಎಲ್ಲೆಡೆಯಿಂದಲೂ ಅಳಿಸುತ್ತದೆ. ಸ್ಥಳ ಸಾಲದೆಂದು ಒಬ್ಬರು ತಮ್ಮ ದೂರವಾಣಿಯಲ್ಲಿ ಆಲ್ಬಮ್ಮಿನ ಚಿತ್ರಗಳನ್ನು ಅಳಿಸಿದರೆ, ಅವು ಸಂಸ್ಥೆಯ ಸಂಗ್ರಹದಿಂದಲೂ ಮಾಯವಾಗಬಹುದು. ಹಲವು ಸೇವೆಗಳಲ್ಲಿ ಕಸದ ಬುಟ್ಟಿಯಿಂದ ಅವುಗಳನ್ನು 30 ಅಥವಾ 60 ದಿನಗಳೊಳಗೆ ಮರಳಿ ಪಡೆಯಬಹುದು. ಆ ಗಡುವು ಮೀರಿದರೆ ದಾರಿಯಿಲ್ಲ. ವಾರ್ಷಿಕೋತ್ಸವಕ್ಕೆ ಮಾತ್ರ ಹಳೆಯ ಚಿತ್ರಗಳನ್ನು ಹುಡುಕುವ ಸಂಸ್ಥೆಗೆ ನಷ್ಟ ತಿಳಿಯುವ ಹೊತ್ತಿಗೆ ಗಡುವು ಮುಗಿದಿರುತ್ತದೆ.

ಸೇವೆಯ ನಿಬಂಧನೆಗಳೂ ಬದಲಾಗುತ್ತವೆ. ಗೂಗಲ್ ಸಂಸ್ಥೆ ಪಿಕಾಸಾ ಸೇವೆಯನ್ನು 2016ರಲ್ಲಿ ನಿಲ್ಲಿಸಿತು. ಗೂಗಲ್ ಫೋಟೋಸ್ ಸೇವೆಯಲ್ಲಿ ಮಿತಿಯಿಲ್ಲದೆ ದೊರೆಯುತ್ತಿದ್ದ ಉಚಿತ ಸ್ಥಳ 2021ರ ಜೂನ್ 1ರಿಂದ ಕೊನೆಗೊಂಡಿತು. ಇತರ ತಯಾರಕರ ಫಲಕಗಳು ಆ ಸೇವೆಯ ಆಲ್ಬಮ್‌ಗಳನ್ನು ತಾವಾಗಿಯೇ ಓದಿಕೊಳ್ಳುತ್ತಿದ್ದ ಮಾರ್ಗ 2025ರ ಮಾರ್ಚ್ 31ರ ನಂತರ ಮುಚ್ಚಿತು. ಚಿತ್ರಗಳು ಅಲ್ಲಿಯೇ ಇದ್ದರೂ ಗೋಡೆಯ ಮೇಲಿನ ಫಲಕಕ್ಕೆ ಹೊಸ ಚಿತ್ರ ಬರುವುದು ನಿಂತಿತು.

ಇದಕ್ಕೆ ಪರಿಹಾರ ಸರಳ. ಪ್ರತಿ ಚಿತ್ರಕ್ಕೂ ಮೂರು ಪ್ರತಿಗಳಿರಬೇಕು. ಅವು ಎರಡು ಬಗೆಯ ಸಾಧನಗಳಲ್ಲಿರಬೇಕು. ಒಂದು ಪ್ರತಿ ಬೇರೆ ಊರಿನಲ್ಲಿರಬೇಕು. ಫಲಕಕ್ಕೆ ಚಿತ್ರ ಒದಗಿಸುವ ದೂರಸಂಗ್ರಹ ಒಂದು ಪ್ರತಿ. ಕಚೇರಿಯ ಕಪಾಟಿನಲ್ಲಿ, ಸಿಂಕ್‌ಗೆ ಜೋಡಿಸದ ಹಾರ್ಡ್ ಡಿಸ್ಕ್ ಇನ್ನೊಂದು. ಮೂರನೆಯದನ್ನು ಮತ್ತೊಂದು ಶಾಖೆಗೆ, ಊರಿನ ಸೋದರ ಸಂಸ್ಥೆಗೆ ಕಳುಹಿಸಿಡಬಹುದು. 2005ರಲ್ಲಿ ಸಾಂತಾಕ್ರೂಜ್ ಮುಳುಗಿದಾಗಲೂ ಕೊಲಾಬಾದಲ್ಲಿದ್ದ ಪ್ರತಿ ಒಣಗಿಯೇ ಇರುತ್ತಿತ್ತು. ಉಡುಪಿಯಲ್ಲೋ ಧಾರವಾಡದಲ್ಲೋ ಇರುವ ಪ್ರತಿ ಇನ್ನೂ ಕ್ಷೇಮ. ಈ ಪ್ರತಿಗಳನ್ನು ವರ್ಷಕ್ಕೆರಡು ಬಾರಿ ತೆರೆದು ನೋಡುವುದನ್ನೂ ನಿಯಮವಾಗಿಸಬೇಕು. ತೆರೆದು ನೋಡದ ಪ್ರತಿ ಇದೆಯೆಂದು ಹೇಳಲು ಬಾರದು.

ಯಾರ ಚಿತ್ರ, ಯಾರ ಒಪ್ಪಿಗೆ

ಚಿತ್ರವನ್ನು ಉಳಿಸಿಕೊಳ್ಳುವ ಹಕ್ಕಿನಷ್ಟೇ ಮುಖ್ಯವಾದುದು ಚಿತ್ರದಲ್ಲಿರುವವರ ಹಕ್ಕು. ಖಾಸಗಿತನ ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠ 2017ರ ಆಗಸ್ಟ್ 24ರಂದು ತೀರ್ಪಿತ್ತಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅನಂತರ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ ಪ್ರಕಾರ ಒಪ್ಪಿಗೆಯು ಸ್ವತಂತ್ರವೂ ನಿರ್ದಿಷ್ಟವೂ ವಿಷಯ ತಿಳಿದು ಕೊಟ್ಟದ್ದೂ ಆಗಿರಬೇಕು. ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂತೆಗೆದುಕೊಳ್ಳಲೂ ಅವಕಾಶವಿರಬೇಕು. 18 ವರ್ಷ ತುಂಬದವರ ವಿಷಯದಲ್ಲಿ ತಂದೆತಾಯಿಗಳ ಅಥವಾ ಪೋಷಕರ ಒಪ್ಪಿಗೆ ಬೇಕು. ಈ ಅಧಿನಿಯಮದ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹೊಣೆಗಾರಿಕೆಗಳು ಹಂತಹಂತವಾಗಿ ಜಾರಿಗೆ ಬರುವಂತೆ ಗೊತ್ತುಪಡಿಸಲಾಗಿದೆ.

ಕಾನೂನಿನ ಮಾತು ಹಾಗಿರಲಿ, ಕಾರ್ಯಾಲಯದಲ್ಲಿ ಒಪ್ಪಿಗೆ ಕೇಳುವುದು ಸೂಕ್ಷ್ಮವಾದ ಕೆಲಸ. ಮೇಲಧಿಕಾರಿ ಎದುರು ನಿಂತು ಕೇಳಿದರೆ ಜವಾನನಾಗಲಿ ಅಡುಗೆಯವನಾಗಲಿ ಬೇಡವೆನ್ನಲು ಹಿಂಜರಿಯುತ್ತಾನೆ. ಆದುದರಿಂದ ಒಪ್ಪಿಗೆಯ ಚೀಟಿಯನ್ನು ಸಹೋದ್ಯೋಗಿಯೊಬ್ಬರ ಮೂಲಕ ಪಡೆಯುವುದು, ಒಪ್ಪದವರು ಕಾರಣ ಹೇಳಬೇಕಾಗಿಲ್ಲವೆಂದು ಅದರಲ್ಲಿಯೇ ಬರೆಯುವುದು ಒಳ್ಳೆಯ ಪದ್ಧತಿ. ಹುಟ್ಟುಹಬ್ಬದ ಚಿತ್ರದೊಡನೆ ವಯಸ್ಸನ್ನೂ, ಕಾಯಿಲೆಯಿಂದ ಮರಳಿದವರ ಚಿತ್ರದೊಡನೆ ಕಾಯಿಲೆಯನ್ನೂ ಬರೆಯುವುದು ಸಲ್ಲದು.

ಚಿತ್ರದ ಹಿನ್ನೆಲೆಯನ್ನೂ ಪರಿಶೀಲಿಸಬೇಕು. ಮೇಜಿನ ಮೇಲೆ ತೆರೆದಿಟ್ಟ ಗ್ರಾಹಕರ ಅರ್ಜಿ, ಗೋಡೆಗಂಟಿಸಿದ ಗುಪ್ತಪದ, ಕೊರಳಲ್ಲಿ ತೂಗುವ ಗುರುತಿನ ಚೀಟಿ ಇವೆಲ್ಲ ದೊಡ್ಡ ಪರದೆಯಲ್ಲಿ ಸ್ಪಷ್ಟವಾಗಿ ಓದಲು ಬರುತ್ತವೆ. ಮೊಬೈಲ್ ಚಿತ್ರಗಳ ಒಳಗೆ ತೆಗೆದ ಸ್ಥಳ ಮತ್ತು ವೇಳೆಯ ವಿವರ ಅಡಗಿರುವುದುಂಟು. ಹೊರಗಿನವರೊಡನೆ ಹಂಚಿಕೊಳ್ಳುವ ಆಲ್ಬಮ್ಮಿಗೆ ಸೇರಿಸುವ ಮುನ್ನ ಅದನ್ನು ತೆಗೆದುಹಾಕಬೇಕು.

ಹಳೆಯ ಚಿತ್ರಗಳಿಗೆ ಹೆಸರು

ಫಲಕವನ್ನು ಕೇವಲ ಹೊಸ ಸಮಾರಂಭಗಳಿಗೆ ಮೀಸಲಿಡಬೇಕಿಲ್ಲ. ಕಪಾಟಿನಲ್ಲಿರುವ ಹಳೆಯ ಚಿತ್ರಗಳನ್ನು ಸ್ಕ್ಯಾನ್ ಮಾಡಿ ಸೇರಿಸಬಹುದು. ಅಂಗೈ ಅಗಲದ ಚಿತ್ರವನ್ನು ಅಂಗುಲಕ್ಕೆ 600 ಚುಕ್ಕಿಗಳ ಸಾಂದ್ರತೆಯಲ್ಲಿ ಸ್ಕ್ಯಾನ್ ಮಾಡಿದರೆ ದೊಡ್ಡ ಪರದೆಯಲ್ಲಿಯೂ ಮುಖಗಳು ಸ್ಪಷ್ಟವಾಗಿ ಕಾಣುತ್ತವೆ. ಚಿತ್ರದ ಹಿಂಬದಿಯನ್ನೂ ತಪ್ಪದೆ ಪ್ರತಿ ಮಾಡಿಕೊಳ್ಳಬೇಕು. ಪೆನ್ಸಿಲಿನಲ್ಲಿ ಬರೆದ ಹೆಸರು, ಇಸವಿ, ಸ್ಟುಡಿಯೋದ ಮುದ್ರೆ ಇರುವುದು ಅಲ್ಲಿಯೇ.

ಛಾಯಾಚಿತ್ರ ಅಳಿಯುವುದಕ್ಕಿಂತ ಬಹಳ ಮೊದಲೇ ಅದರಲ್ಲಿರುವವರ ಹೆಸರುಗಳು ಅಳಿಯುತ್ತವೆ. ಸಮೂಹಚಿತ್ರದ ಮುಂದಿನ ಸಾಲಿನಲ್ಲಿ ಕುರ್ಚಿಯ ಮೇಲೆ ಕುಳಿತವರ ಹೆಸರು ಸಾಮಾನ್ಯವಾಗಿ ದಾಖಲಾಗಿರುತ್ತದೆ. ಹಿಂದಿನ ಸಾಲಿನಲ್ಲಿ ನಿಂತವರದು ಇರುವುದಿಲ್ಲ. ಅವರಲ್ಲಿ ತಟ್ಟೆ ತೊಳೆದು ರಾತ್ರಿ ಶಾಲೆಗೆ ಹೋದ ಹುಡುಗರಿರಬಹುದು, ಕಚೇರಿಯ ಬೀಗ ತೆರೆಯುತ್ತಿದ್ದ ಕಾವಲುಗಾರನಿರಬಹುದು. ಅವರನ್ನು ಗುರುತಿಸಬಲ್ಲ ಹಿರಿಯರು ಇನ್ನೂ ಇರುವಾಗಲೇ ಅವರನ್ನು ಫಲಕದ ಮುಂದೆ ಕೂರಿಸಿ, ಒಂದೊಂದೇ ಚಿತ್ರ ನಿಲ್ಲಿಸಿ ತೋರಿಸಿ, ಹೇಳಿದ ಹೆಸರುಗಳನ್ನು ಬರೆದುಕೊಳ್ಳುವುದು ಯಾವ ಯಂತ್ರವೂ ಮಾಡಲಾರದ ಕೆಲಸ. ಈ ಸಾಧನದ ಅತ್ಯುತ್ತಮ ಉಪಯೋಗವೂ ಬಹುಶಃ ಇದೇ.

ಸಾರಾಂಶ

ಡಿಜಿಟಲ್ ಚಿತ್ರಫಲಕ ಒಂದು ಕಿಟಕಿಯಿದ್ದಂತೆ. ಅದು ತೋರಿಸುತ್ತದೆ, ಕಾಪಾಡುವುದಿಲ್ಲ. ಖಾತೆ ಸಂಸ್ಥೆಯ ಹೆಸರಿನಲ್ಲಿರಲಿ. ಮೂರು ಪ್ರತಿಗಳಿರಲಿ, ಅವುಗಳಲ್ಲೊಂದು ಪರವೂರಿನಲ್ಲಿರಲಿ. ಚಿತ್ರದಲ್ಲಿರುವವರ ಒಪ್ಪಿಗೆಯೂ ಅವರ ಹೆಸರೂ ಕಡತದಲ್ಲಿರಲಿ. ಇಷ್ಟನ್ನು ಪಾಲಿಸಿದ ಸಂಸ್ಥೆಯಲ್ಲಿ ಪರದೆ ಕೆಟ್ಟರೆ ಮತ್ತೊಂದನ್ನು ಕೊಂಡರಾಯಿತು. ಪಾಲಿಸದ ಸಂಸ್ಥೆಯಲ್ಲಿ ಪರದೆ ಉಳಿದು ಚಿತ್ರ ಹೋಗುತ್ತದೆ. ಅದನ್ನು ಕೊಂಡುತರಲು ಯಾವ ಅಂಗಡಿಯೂ ಇಲ್ಲ.