ಪೇಟೆಯ ಉದ್ದಿಮೆಗಳಲ್ಲಿ ನೌಕರರ ಸೌಲಭ್ಯ ವಿಮೆ: ಬ್ರೋಕರುಗಳು ಹಿಡಿಯಬೇಕಾದ ದಾರಿ

ವಿಮಾ ಬ್ರೋಕರುಗಳ ವೃತ್ತಿಗೆ ಭಾರತದಲ್ಲಿ ಶಾಸನಬದ್ಧ ಸ್ಥಾನ ದೊರೆತದ್ದು 2002ರ ನಿಯಮಾವಳಿಯಿಂದ. ಏಜೆಂಟನು ವಿಮಾ ಕಂಪನಿಯ ಪ್ರತಿನಿಧಿ. ಬ್ರೋಕರನು ಗ್ರಾಹಕನ ಪ್ರತಿನಿಧಿ. ಗುಂಪು ಆರೋಗ್ಯ, ಅಪಘಾತ, ಜೀವ ಹಾಗೂ ಗ್ರಾಚ್ಯುಟಿ ವಿಮೆಗಳನ್ನೊಳಗೊಂಡ ನೌಕರರ ಸೌಲಭ್ಯ ವಿಮೆಯು ಬೆಂಗಳೂರಿನ ಮಾಹಿತಿ ತಂತ್ರಜ್ಞಾನ ಕಂಪನಿಗಳಲ್ಲಿ ಈಗ ಸಾಮಾನ್ಯ ಸಂಗತಿ. ಆದರೆ ಅದೇ ನಗರದ ಕಾಟನ್‌ಪೇಟೆ, ಅಕ್ಕಿಪೇಟೆ, ಚಿಕ್ಕಪೇಟೆಗಳ ಸಗಟು ಮಳಿಗೆ ಮತ್ತು ಸಣ್ಣ ಕಾರ್ಖಾನೆಗಳಲ್ಲಿ ಅದು ಅಷ್ಟಾಗಿ ಬೇರೂರಿಲ್ಲ. ದೊಡ್ಡ ಕಂಪನಿಗೆಂದು ಹೊಲಿದ ಅಂಗಿಯನ್ನೇ ಕತ್ತರಿಸಿ ಪೇಟೆಯ ವರ್ತಕನಿಗೆ ತೊಡಿಸಲು ಹೊರಡುವುದು ಇದಕ್ಕೆ ಒಂದು ಕಾರಣ. ವರ್ತಕನ ಉತ್ತರವಂತೂ ಸಿದ್ಧವಾಗಿಯೇ ಇರುತ್ತದೆ: "ನಮ್ಮಲ್ಲಿ ಇಎಸ್‌ಐ ಇದೆಯಲ್ಲ!"

ಅನೇಕ ಬ್ರೋಕರುಗಳು ಈ ಉತ್ತರ ಕೇಳಿದೊಡನೆ ಹಿಂದಿರುಗುತ್ತಾರೆ. ವಾಸ್ತವವಾಗಿ ಮಾತು ಆರಂಭವಾಗಬೇಕಾದದ್ದು ಅಲ್ಲಿಂದಲೇ.

ಹತ್ತು ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಗಳಿಗೆ ಇಎಸ್‌ಐ ಅನ್ವಯಿಸುತ್ತದೆ. 2017ರ ಜನವರಿ 1ರಿಂದ ಅದರ ವೇತನ ಮಿತಿ ತಿಂಗಳಿಗೆ 21,000 ರೂ. 2019ರ ಜುಲೈ 1ರಿಂದ ಮಾಲೀಕರ ವಂತಿಗೆ ವೇತನದ ಶೇ. 3.25, ನೌಕರರದು ಶೇ. 0.75. ಹದಿನಾಲ್ಕು ಜನರ ಒಂದು ಮುದ್ರಣಾಲಯವನ್ನು ಊಹಿಸಿಕೊಳ್ಳಬಹುದು. ಅಲ್ಲಿನ ಹಿರಿಯ ಯಂತ್ರಚಾಲಕನ ವೇತನ 20,500 ರೂ. ಆತನಿಗೆ ಮೇ ತಿಂಗಳಲ್ಲಿ ಒಂದು ಸಾವಿರ ಏರಿಸಿದರೆ, ಏಪ್ರಿಲ್-ಸೆಪ್ಟೆಂಬರ್ ವಂತಿಗೆ ಅವಧಿ ಮುಗಿಯುವವರೆಗೆ ಆತ ಇಎಸ್‌ಐನಲ್ಲಿ ಮುಂದುವರಿದು, ಅಕ್ಟೋಬರ್ 1ರಿಂದ ಹೊರಬೀಳುತ್ತಾನೆ. ಹಿಂದೆ ಸಲ್ಲಿಸಿದ ವಂತಿಗೆಗೆ ಪ್ರತಿಯಾಗಿ ಚಿಕಿತ್ಸಾ ಸೌಲಭ್ಯವು ಮುಂದಿನ ಜೂನ್ 30ರವರೆಗೆ ದೊರೆಯುತ್ತದೆ. ಅನಂತರ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯ ಬಾಗಿಲು ಆತನಿಗೂ ಆತನ ಕುಟುಂಬಕ್ಕೂ ಮುಚ್ಚಿದಂತೆಯೇ. ಅನುಭವ ಹೆಚ್ಚಿದಂತೆ ವೇತನ ಏರುತ್ತದೆ, ವಯಸ್ಸೂ ಏರುತ್ತದೆ. ಮಧುಮೇಹ, ರಕ್ತದೊತ್ತಡಗಳು ಕಾಣಿಸಿಕೊಳ್ಳುವ ಕಾಲಕ್ಕೇ ರಕ್ಷಣೆ ಕಳಚುವುದು ಈ ವ್ಯವಸ್ಥೆಯ ದೊಡ್ಡ ಕೊರತೆ. ಆತ ಸ್ವಂತವಾಗಿ ಪಾಲಿಸಿ ಕೊಂಡರೆ ಮೊದಲೇ ಇರುವ ಕಾಯಿಲೆಗಳಿಗೆ ಮೂರು ವರ್ಷಗಳವರೆಗೂ ಕಾಯಬೇಕಾಗಬಹುದು. ಗುಂಪು ಪಾಲಿಸಿಯಲ್ಲಾದರೋ ಸಾಮಾನ್ಯವಾಗಿ ಮೊದಲ ದಿನದಿಂದಲೇ ರಕ್ಷಣೆ ಪಡೆಯಲು ಸಾಧ್ಯವಿದೆ.

ಬ್ರೋಕರನು ವೇತನ ಪುಸ್ತಕವನ್ನು ಮುಂದಿಟ್ಟುಕೊಂಡು ಇಂತಹವರ ಹೆಸರುಗಳನ್ನು ಗುರುತಿಸಬೇಕು. 21,500 ರೂ. ವೇತನಕ್ಕೆ ಮಾಲೀಕರ ಇಎಸ್‌ಐ ವಂತಿಗೆ ವರ್ಷಕ್ಕೆ 8,385 ರೂ. ಆಗುತ್ತಿತ್ತು. ನೌಕರ ಮಿತಿ ದಾಟಿದಾಗ ಆ ಹಣ ಉಳಿಯುತ್ತದೆ. ಅದನ್ನೇ ಗುಂಪು ಆರೋಗ್ಯ ವಿಮೆಯ ಕಂತಿಗೆ ತಿರುಗಿಸಬಹುದೆಂದು ಅಂಕಿಗಳಲ್ಲಿ ತೋರಿಸಿದರೆ, ವರ್ತಕನಿಗೆ ಅದು ಹೊಸ ಖರ್ಚಾಗಿ ಕಾಣುವುದಿಲ್ಲ. ವೇತನ ಮಿತಿ ಮುಂದೆ ಏರಿದರೆ ಹೆಸರುಗಳು ಬದಲಾದಾವು, ಲೆಕ್ಕದ ರೀತಿ ಬದಲಾಗದು.

ಹತ್ತಕ್ಕಿಂತ ಕಡಿಮೆ ಜನರಿರುವ ಮಳಿಗೆ ಮತ್ತು ಕಾರ್ಯಾಗಾರಗಳ ಸ್ಥಿತಿ ಬೇರೆ. ಇಎಸ್‌ಐ ಇಲ್ಲದ ಕಾರ್ಯಾಗಾರದಲ್ಲಿ ಕೆಲಸದ ವೇಳೆ ಕೈ ಸಿಕ್ಕಿಕೊಂಡರೆ ಪರಿಹಾರದ ಹೊಣೆ ನೇರವಾಗಿ ಮಾಲೀಕನದೇ. ಇಂತಹವರಿಗೆ ಮೊದಲು ನೌಕರರ ಪರಿಹಾರ ಪಾಲಿಸಿಯನ್ನೂ ಅನಂತರ ಗುಂಪು ಅಪಘಾತ ವಿಮೆಯನ್ನೂ ಸೂಚಿಸುವುದು ಯುಕ್ತ.

ಗ್ರಾಚ್ಯುಟಿಯ ವಿಷಯದಲ್ಲಿ ಪೇಟೆಯ ನಿರ್ಲಕ್ಷ್ಯ ಇನ್ನೂ ಹೆಚ್ಚು. ತಿಂಗಳಿಗೆ 18,000 ರೂ. ವೇತನದ ನೌಕರನು ಇಪ್ಪತ್ತು ವರ್ಷ ದುಡಿದು ನಿವೃತ್ತನಾದರೆ, ವೇತನವನ್ನು 26ರಿಂದ ಭಾಗಿಸಿ 15ರಿಂದಲೂ ಸೇವಾ ವರ್ಷಗಳಿಂದಲೂ ಗುಣಿಸಿದಾಗ 2,07,692 ರೂ. ಸಲ್ಲಬೇಕು. ಇಂತಹ ಐವರಿದ್ದರೆ ಬಾಧ್ಯತೆ ಹತ್ತು ಲಕ್ಷ ಮೀರುತ್ತದೆ. ಅಡಾವೆ ಪತ್ರಿಕೆಯಲ್ಲಿ ಅದರ ಸುಳಿವೇ ಇರುವುದಿಲ್ಲ. ಕರ್ನಾಟಕ ಸರ್ಕಾರವು 2024ರ ಜನವರಿಯಲ್ಲಿ ಕಡ್ಡಾಯ ಗ್ರಾಚ್ಯುಟಿ ವಿಮಾ ನಿಯಮಗಳನ್ನು ಹೊರಡಿಸಿ, ಆಗ ಇದ್ದ ಸಂಸ್ಥೆಗಳಿಗೆ 60 ದಿನಗಳ, ಹೊಸ ಸಂಸ್ಥೆಗಳಿಗೆ 30 ದಿನಗಳ ಕಾಲಾವಕಾಶ ನೀಡಿತು. ಇಎಸ್‌ಐ, ಗ್ರಾಚ್ಯುಟಿ, ನೌಕರರ ಪರಿಹಾರಗಳ ಹಳೆಯ ಕಾಯ್ದೆಗಳನ್ನು ಒಳಗೊಂಡ ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿದ್ದು, ಗ್ರಾಚ್ಯುಟಿ ವಿಮೆಯ ಕಡ್ಡಾಯವನ್ನು ಅದೂ ಉಳಿಸಿಕೊಂಡಿದೆ. ಅದರಂತೆ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ ಮೀರಿದ ಭಾಗವೂ ವೇತನವೆನಿಸುತ್ತದೆ. ಮೂಲ ವೇತನವನ್ನು ಕಿರಿದಾಗಿ ತೋರಿಸುವ ಹಳೆಯ ಉಪಾಯ ಇನ್ನು ಫಲಿಸದು. ಗ್ರಾಚ್ಯುಟಿಗೆಂದು ಪುಸ್ತಕದಲ್ಲಷ್ಟೇ ಬರೆದಿಟ್ಟ ಮೀಸಲಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿಯಿಲ್ಲ, ಅಂಗೀಕೃತ ನಿಧಿಗೆ ಕಟ್ಟಿದ ಹಣಕ್ಕೆ ಉಂಟು. ಇಂತಹ ಪಾಲಿಸಿಯಲ್ಲಿ ಬ್ರೋಕರನಿಗೆ ಸಿಗುವ ಪ್ರತಿಫಲ ಅಲ್ಪವೆಂಬುದು ನಿಜ. ಆದರೆ ಈ ಲೆಕ್ಕವನ್ನು ಮಾಡಿಕೊಟ್ಟವನಿಗೆ ಉಳಿದ ವಿಮೆಗಳ ಬಗ್ಗೆ ಮಾತನಾಡಲು ಕುರ್ಚಿ ಸಿಗುತ್ತದೆ.

ಒಂದು ಅಂಗಡಿಯಲ್ಲಿ ಮಿತಿ ದಾಟಿದವರು ಮೂವರೋ ನಾಲ್ವರೋ ಇದ್ದರೆ ಗುಂಪು ಆರೋಗ್ಯ ಪಾಲಿಸಿ ದೊರೆಯುವುದು ಕಷ್ಟ. ದೊರೆತರೂ ಒಂದೇ ಹೃದಯ ಶಸ್ತ್ರಚಿಕಿತ್ಸೆ ಮರುವರ್ಷದ ಕಂತನ್ನು ಮೇಲಕ್ಕೊಯ್ಯುತ್ತದೆ. ಇಲ್ಲಿ ವ್ಯಾಪಾರಿ ಸಂಘಗಳು ನೆರವಿಗೆ ಬರಬೇಕು. ವಿಮೆಗಾಗಿಯೇ ಗುಂಪು ಕಟ್ಟುವುದಕ್ಕೆ ನಿಯಮಗಳ ಅನುಮತಿಯಿಲ್ಲ. ಬೇರೆ ಉದ್ದೇಶದಿಂದ ಮೊದಲೇ ಇರುವ ಸಂಘದ ಮೂಲಕ ಪಾಲಿಸಿ ಪಡೆಯಲು ಅಡ್ಡಿಯಿಲ್ಲ. 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆ ವಿಮಾ ಕಂಪನಿಯ ಪಾಲಿಸಿಯಾಗಿರದೆ ಟ್ರಸ್ಟ್ ಒಂದರ ನಿಧಿಯಾಗಿದ್ದರೂ ಈ ಮಾತಿಗೆ ಒಳ್ಳೆಯ ನಿದರ್ಶನ. ಆಗ ಸದಸ್ಯನ ವಾರ್ಷಿಕ ವಂತಿಗೆ 60 ರೂ. ರೈತರು ಈಗಾಗಲೇ ವ್ಯವಹರಿಸುತ್ತಿದ್ದ ಸಹಕಾರ ಸಂಘಗಳ ಮೂಲಕವೇ ಹಣ ಸಂಗ್ರಹವಾದುದರಿಂದ, ಮನೆ ಮನೆ ತಿರುಗಿ ತಲುಪಲಾಗದಷ್ಟು ಜನರನ್ನು ಆ ಯೋಜನೆ ತಲುಪಿತು.

ಸಂಘದ ಮೂಲಕ ನಡೆಯುವ ಪಾಲಿಸಿಯಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. 1938ರ ವಿಮಾ ಕಾಯ್ದೆಯಂತೆ ಕಂತು ಮುಂಗಡವಾಗಿ ಸಂದಾಯವಾಗದೆ ಕಂಪನಿಯ ಹೊಣೆ ಆರಂಭವಾಗದು. ಆದುದರಿಂದ ಹತ್ತು ಅಂಗಡಿಗಳ ಹಣ ಬರಲೆಂದು ಚೆಕ್ ತಡೆಹಿಡಿಯುವುದು ಅಪಾಯಕರ. ಎರಡನೆಯದು ಹೆಸರುಗಳ ಪಟ್ಟಿ. ಪೇಟೆಯಲ್ಲಿ ಹುಡುಗರು ಒಂದು ಅಂಗಡಿ ಬಿಟ್ಟು ಇನ್ನೊಂದಕ್ಕೆ ಸೇರುವುದು ಸಾಮಾನ್ಯ. ಸೇರಿದವನ ಹೆಸರು ಕಂಪನಿಗೆ ತಲುಪಿರದಿದ್ದರೆ, ಆಸ್ಪತ್ರೆಗೆ ಸೇರಿದ ದಿನ ಪಾಲಿಸಿ ನಿರುಪಯುಕ್ತ. ಪ್ರತಿ ತಿಂಗಳು ವೇತನ ಬಟವಾಡೆಯ ಮರುದಿನ ಪಟ್ಟಿಯನ್ನು ತಾನೇ ಕೇಳಿ ಪಡೆಯುವ ಬ್ರೋಕರನಿಗೆ ನವೀಕರಣದ ವೇಳೆ ದರ ಕಡಿತದ ಪೈಪೋಟಿ ಅಷ್ಟಾಗಿ ಬಾಧಿಸದು.

ದರವನ್ನು ಹೇಳುವಾಗ ತೆರಿಗೆಯನ್ನೂ ಸೇರಿಸಿ ಹೇಳುವುದು ಒಳಿತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗಳಿಗೆ ಜಿಎಸ್‌ಟಿ ವಿನಾಯಿತಿ ದೊರೆತರೂ ಗುಂಪು ಪಾಲಿಸಿಗಳಿಗೆ ಶೇ. 18 ಮುಂದುವರಿಯಿತು. ಕಾನೂನಿನಿಂದ ಕಡ್ಡಾಯವಲ್ಲದ ನೌಕರರ ಆರೋಗ್ಯ ವಿಮೆಯ ಮೇಲೆ ಹೂಡುವಳಿ ತೆರಿಗೆ ಜಮೆಯೂ ದೊರೆಯದು. ಇದನ್ನು ಮುಚ್ಚಿಟ್ಟು ಕಂತು ಹೇಳಿದ ಬ್ರೋಕರನಿಗೆ ಬಿಲ್ಲು ಕೈಸೇರಿದ ದಿನವೇ ಗ್ರಾಹಕ ತಪ್ಪಿಹೋಗುತ್ತಾನೆ. ಭೇಟಿಗೆ ಆಷಾಢ ಅನುಕೂಲ: ಗಿರಾಕಿಗಳ ನೂಕುನುಗ್ಗಲಿಲ್ಲದೆ ವರ್ತಕನಿಗೆ ಬಿಡುವಿರುತ್ತದೆ, ಅಕ್ಟೋಬರ್ 1ಕ್ಕೆ ಇಎಸ್‌ಐನಿಂದ ಹೊರಬೀಳುವವರ ಪಟ್ಟಿ ಸಿದ್ಧಪಡಿಸಲು ಎರಡು ತಿಂಗಳಿಗೂ ಹೆಚ್ಚು ಸಮಯ ಉಳಿದಿರುತ್ತದೆ.