ಸುದ್ದಿಯೂ ವದಂತಿಯೂ

ಘಟನೆ ನಡೆದ ಮಾತ್ರಕ್ಕೆ ಅದು ಸುದ್ದಿಯಾಗುವುದಿಲ್ಲ. ಯಾರಾದರೊಬ್ಬರು ಅಲ್ಲಿಗೆ ಹೋಗಿ, ಕಂಡು, ಕೇಳಿ, ಒಬ್ಬರ ಮಾತನ್ನು ಮತ್ತೊಬ್ಬರ ಮಾತಿನೊಡನೆ ಹೋಲಿಸಿ ಬರೆದಾಗ ಅದು ಸುದ್ದಿಯೆನಿಸುತ್ತದೆ. ಕನ್ನಡದಲ್ಲಿ ಈ ಕಾರ್ಯಕ್ಕೆ ನಾಂದಿ ಹಾಡಿದುದು ‘ಮಂಗಳೂರ ಸಮಾಚಾರ’. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅವರು ೧೮೪೩ರ ಜುಲೈ ೧ರಂದು ಅದನ್ನು ಕಲ್ಲಚ್ಚಿನಲ್ಲಿ ಹೊರತಂದರು.

ಬಹುಕಾಲ ಈ ವಿದ್ಯೆಗೆ ಪತ್ರಿಕಾಲಯವೇ ಪಾಠಶಾಲೆಯಾಗಿದ್ದಿತು. ಸಂಪಾದಕರ ಕೆಂಪು ಶಾಯಿಯೇ ಗುರು. ೧೯೫೧ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ನಾಡಿಗ ಕೃಷ್ಣಮೂರ್ತಿಯವರು ಪತ್ರಿಕೋದ್ಯಮದ ಬೋಧನೆಯನ್ನು ಆರಂಭಿಸಿದರು. ಈಗ ಅನೇಕ ವಿಶ್ವವಿದ್ಯಾನಿಲಯಗಳಲ್ಲಿ ಈ ವಿಷಯವುಂಟು.

ಅಲ್ಲಿನ ಮೊದಲ ಪಾಠವು ಆರು ಪ್ರಶ್ನೆಗಳದು: ಏನು, ಯಾರು, ಎಲ್ಲಿ, ಯಾವಾಗ, ಏಕೆ, ಹೇಗೆ. ಇವನ್ನು ಕಲಿಯಲು ಒಂದು ದಿನ ಸಾಕು. ಕಷ್ಟವಾದುದು ಏಳನೆಯದು: ‘ಇದು ನಿನಗೆ ಹೇಗೆ ತಿಳಿಯಿತು?’ ಅಪಘಾತದಲ್ಲಿ ಮೂವರಿಗೆ ಗಾಯವಾಯಿತೆಂದು ವಿದ್ಯಾರ್ಥಿಯು ಬರೆದು ತಂದರೆ, ಎಣಿಸಿದವರಾರೆಂದು ಅಧ್ಯಾಪಕರು ಕೇಳುತ್ತಾರೆ. ‘ಜನ ಹೇಳಿದರು’ ಎಂಬ ಉತ್ತರ ಸಲ್ಲದು. ಅವನು ಆಸ್ಪತ್ರೆಗೂ ಹೋಗಬೇಕು, ಪೊಲೀಸ್ ಠಾಣೆಗೂ ಹೋಗಬೇಕು. ಎರಡು ಕಡೆಯ ಲೆಕ್ಕ ಹೊಂದದಿದ್ದರೆ ಮತ್ತೆ ಕೇಳಬೇಕು. ಚಿತ್ರವೊಂದು ಕೈಗೆ ಬಂದರೆ ಅದು ಹಿಂದೆ ಬೇರೆಲ್ಲಿಯಾದರೂ ಪ್ರಕಟವಾಗಿತ್ತೇ ಎಂದು ಗಣಕಯಂತ್ರದಲ್ಲಿ ಹುಡುಕುವುದನ್ನೂ ಈಗ ಕಲಿಸುತ್ತಾರೆ. ನುರಿತವರೂ ಅವಸರದಲ್ಲಿ ಈ ಪ್ರಶ್ನೆಯನ್ನು ಮರೆಯುವುದುಂಟು. ತಪ್ಪು ಮುಖಪುಟದಲ್ಲಿ ಬರುತ್ತದೆ, ತಿದ್ದುಪಡಿ ಒಳಪುಟದ ಮೂಲೆಯಲ್ಲಿ!

ಇಂದು ಸುದ್ದಿಯನ್ನು ಹರಡಲು ಅಚ್ಚುಕೂಟವೇ ಬೇಕಿಲ್ಲ. ಅಂಗೈಯಲ್ಲಿನ ದೂರವಾಣಿಯೇ ಸಾಕು. ೨೦೧೮ರ ಜುಲೈ ತಿಂಗಳಲ್ಲಿ ಬೀದರ ಜಿಲ್ಲೆಗೆ ಬಂದಿದ್ದ ಕೆಲವು ಪ್ರವಾಸಿಗರು ದಾರಿಯಲ್ಲಿ ಕಂಡ ಮಕ್ಕಳಿಗೆ ಚಾಕೊಲೇಟು ಕೊಟ್ಟರು. ಇವರು ಮಕ್ಕಳ ಕಳ್ಳರೆಂಬ ಸಂದೇಶವು ವಾಟ್ಸ್‌ಆ್ಯಪ್ ಮೂಲಕ ಅವರ ಕಾರಿಗಿಂತ ಮುಂದೆ ಓಡಿತು. ಮುರ್ಕಿ ಗ್ರಾಮದಲ್ಲಿ ಜನರು ಅವರನ್ನು ತಡೆದು ಹೊಡೆದರು. ಬಿಡಿಸಲು ಬಂದ ಪೊಲೀಸರಿಗೂ ಗಾಯಗಳಾದವು. ಒಬ್ಬ ತರುಣನು ಪ್ರಾಣವನ್ನೇ ಕಳೆದುಕೊಂಡನು.

ಪತ್ರಿಕೋದ್ಯಮದ ಮೊದಲ ವರ್ಷದ ವಿದ್ಯಾರ್ಥಿಯು ಆ ಸಂದೇಶವನ್ನು ಕಂಡಿದ್ದರೆ, ಕಳವಾದ ಮಗು ಯಾರ ಮನೆಯದು, ಯಾವ ಠಾಣೆಯಲ್ಲಿ ದೂರು ದಾಖಲಾಗಿದೆ ಎಂದು ಕೇಳುತ್ತಿದ್ದನು. ಅಂಥ ಮಗುವೇ ಇರಲಿಲ್ಲ. ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಳಿಗಿಂತ ಹೆಚ್ಚಿಗೆ ಮುಂದೂಡದಂತೆ ವಾಟ್ಸ್‌ಆ್ಯಪ್ ಸಂಸ್ಥೆಯು ಅದೇ ತಿಂಗಳು ಭಾರತದಲ್ಲಿ ಮಿತಿಯನ್ನು ಪ್ರಕಟಿಸಿತು. ವದಂತಿಯ ವೇಗವನ್ನು ತಗ್ಗಿಸುವ ಉಪಾಯವಷ್ಟೇ ಅದು.