ಸರ್ವರಿನ ಕಾವಲನ್ನು ಕಿತ್ತುಹಾಕುವ ಮುನ್ನ

ಪ್ರಶ್ನೆ: ಸರ್, ನಮ್ಮದು ಪತ್ತಿನ ಸಹಕಾರಿ ಸಂಘ. ಸದಸ್ಯರ ಲೆಕ್ಕ ನೋಡುವ ತಂತ್ರಾಂಶವನ್ನು ಆಲ್ಮಾಲಿನಕ್ಸ್ ಸರ್ವರಿನಲ್ಲಿ ಹಾಕಿಸಿದ್ದೇವೆ. ಪುಟ ತೆರೆದರೆ 403 ಎಂದು ಬರುತ್ತಿತ್ತು. ತಂತ್ರಾಂಶ ಕೊಟ್ಟವರು ಎಸ್‌ಇಲಿನಕ್ಸ್ ಆಫ್ ಮಾಡಿದ ಕೂಡಲೇ ಸರಿಹೋಯಿತು. ಫೈರ್‌ವಾಲ್ ಹೇಗೂ ಇದೆ. ಹಾಗೇ ಬಿಡಬಹುದೇ?
— ಓದುಗರು, ಹುಬ್ಬಳ್ಳಿ

ಉತ್ತರ: ದಯವಿಟ್ಟು ಬಿಡಬೇಡಿ. ಸದಸ್ಯರು ಪುಟ ನೋಡಲೆಂದು 443ನೇ ಪೋರ್ಟನ್ನು ನೀವೇ ತೆರೆದಿಟ್ಟಿದ್ದೀರಿ. ದಾಳಿಯೂ ಅಲ್ಲಿಂದಲೇ ಬರುತ್ತದೆ, ಅದನ್ನು ಫೈರ್‌ವಾಲ್ ತಡೆಯುವುದಿಲ್ಲ. ಫೋಟೋ ಅಪ್‌ಲೋಡ್ ಮಾಡುವ ಜಾಗದಲ್ಲಿ ಯಾರೋ ಪಿಎಚ್‌ಪಿ ಕಡತವೊಂದನ್ನು ತೂರಿಸಿದರು ಎಂದುಕೊಳ್ಳಿ. ಆ ಕ್ಷಣದಿಂದ ವೆಬ್ ಸರ್ವರ್ ಅಪಾಚೆ ಅವರ ಕೈಯಲ್ಲಿರುತ್ತದೆ. ಎಸ್‌ಇಲಿನಕ್ಸ್ ಇದ್ದರೆ ಆ ಅಪಾಚೆ ತನಗೆ ಗೊತ್ತುಮಾಡಿದ ಕಡತಗಳನ್ನಷ್ಟೇ ಮುಟ್ಟಬಲ್ಲದು. ಸಿಬ್ಬಂದಿಯ ಹೋಮ್ ಫೋಲ್ಡರುಗಳಲ್ಲಿರುವ ಎಸ್‌ಎಸ್‌ಎಚ್ ಕೀಲಿಗಳನ್ನು ಓದಲಾರದು, ತಾನಾಗಿ ಹೊರಗಿನ ಯಂತ್ರಗಳಿಗೆ ಸಂಪರ್ಕ ತೆರೆಯಲಾರದು. ಆಫ್ ಮಾಡಿದರೆ ಈ ತಡೆಗಳೆಲ್ಲ ಹೋಗುತ್ತವೆ. ಸದಸ್ಯರ ಠೇವಣಿ ವಿವರ ಇಟ್ಟುಕೊಂಡಿರುವ ಯಂತ್ರದಲ್ಲಿ ಇದು ಸಣ್ಣ ವಿಷಯವಲ್ಲ.

ನಿಮ್ಮ 403ಕ್ಕೆ ಕಾರಣ ಬಹುಪಾಲು ಇಷ್ಟೇ ಇರುತ್ತದೆ: ತಂತ್ರಾಂಶದ ಕಡತಗಳನ್ನು ಮೊದಲು ಹೋಮ್ ಫೋಲ್ಡರಿನಲ್ಲಿ ಬಿಚ್ಚಿ, ಆಮೇಲೆ 'ಎಂವಿ' ಆಜ್ಞೆಯಿಂದ ವೆಬ್ ಫೋಲ್ಡರಿಗೆ ಸಾಗಿಸಿರುತ್ತಾರೆ. ಹಾಗೆ ಸಾಗಿಸಿದ ಕಡತ ಹಳೆಯ ಲೇಬಲನ್ನು ಜೊತೆಗೇ ತರುತ್ತದೆ. ಇದು ಹೋಮ್ ಫೋಲ್ಡರಿನ ಕಡತ ಎಂದೇ ಎಸ್‌ಇಲಿನಕ್ಸ್ ತಿಳಿದು ಅಪಾಚೆಯನ್ನು ತಡೆಯುತ್ತದೆ. ನಕಲು ಮಾಡಿದ್ದರೆ ಹೊಸ ಜಾಗದ ಲೇಬಲ್ ಬರುತ್ತಿತ್ತು, ಈ ತೊಂದರೆಯೇ ಇರುತ್ತಿರಲಿಲ್ಲ. ವೆಬ್ ಫೋಲ್ಡರಿನ ಮೇಲೆ 'ರಿಸ್ಟೋರ್‌ಕಾನ್' ಆಜ್ಞೆ ಓಡಿಸಿದರೆ ಲೇಬಲ್‌ಗಳು ಸರಿಯಾಗುತ್ತವೆ. 777 ಅನುಮತಿ ಕೊಟ್ಟು ನೋಡುವವರಿದ್ದಾರೆ. ಅದರಿಂದ ಉಪಯೋಗವಿಲ್ಲ. ಮಾಮೂಲಿ ಅನುಮತಿ ಸಿಕ್ಕ ಮೇಲೂ ಎಸ್‌ಇಲಿನಕ್ಸ್ ತನ್ನ ಪರೀಕ್ಷೆಯನ್ನು ಬೇರೆಯಾಗಿಯೇ ಮಾಡುತ್ತದೆ. ಅಪ್‌ಲೋಡ್ ಫೋಲ್ಡರಿಗೆ ಮಾತ್ರ ಬರೆಯಲು ಅವಕಾಶವಿರುವ ಲೇಬಲನ್ನು 'ಎಸ್‌ಇಮ್ಯಾನೇಜ್' ಮೂಲಕ ಕೊಡಿ. ಡೇಟಾಬೇಸ್ ಬೇರೆ ಯಂತ್ರದಲ್ಲಿದ್ದರೆ, ವೆಬ್ ಸರ್ವರ್ ಡೇಟಾಬೇಸನ್ನು ತಲುಪಲೆಂದೇ ಒಂದು ಬೂಲಿಯನ್ ಸ್ವಿಚ್ ಇದೆ, ಅದೊಂದನ್ನು ಆನ್ ಮಾಡಿ.

ಏನನ್ನು ತಡೆಯಲಾಯಿತು ಎಂಬುದು ಆಡಿಟ್ ಲಾಗಿನಲ್ಲಿ ಸಾಲುಸಾಲಾಗಿ ಬರೆದಿರುತ್ತದೆ. ಅದನ್ನು ಓದದೆ, ತಡೆದದ್ದಕ್ಕೆಲ್ಲ ಅನುಮತಿ ಬರೆದುಕೊಡುವ 'ಆಡಿಟ್‌ಟುಅಲೌ' ಉಪಕರಣವನ್ನು ಕಣ್ಣುಮುಚ್ಚಿ ಬಳಸಬೇಡಿ. ತಂತ್ರಾಂಶ ಕೊಟ್ಟವರಿಗೂ ಒಂದು ಮಾತು ಹೇಳಿ: ತಮ್ಮ ತಂತ್ರಾಂಶಕ್ಕೆ ಯಾವ ಯಾವ ಅನುಮತಿ ಬೇಕೆಂದು ಬರೆದುಕೊಡುವುದು ಅವರ ಕೆಲಸ. ಕೈಪಿಡಿಯ ಮೊದಲ ಪುಟದಲ್ಲೇ 'ಎಸ್‌ಇಲಿನಕ್ಸ್ ಆಫ್ ಮಾಡಿ' ಎಂದು ಬರೆಯುವುದು ಗಿರಾಕಿಯ ಸುರಕ್ಷತೆಯನ್ನು ಬಲಿಕೊಟ್ಟು ತಮ್ಮ ಶ್ರಮ ಉಳಿಸಿಕೊಳ್ಳುವ ಕ್ರಮ.

ಪ್ರಶ್ನೆ: ಉಬುಂಟುವಿನಲ್ಲಿ ಮೈಎಸ್‌ಕ್ಯುಎಲ್ ದತ್ತಾಂಶವನ್ನು ಹೊಸ ಡಿಸ್ಕಿಗೆ ಸಾಗಿಸಿದೆ. ಮಾಲೀಕತ್ವ, ಅನುಮತಿ ಎಲ್ಲ ಸರಿ ಇದ್ದರೂ ಅದು ಶುರುವಾಗುತ್ತಿಲ್ಲ. ಆಪ್‌ಆರ್ಮರ್ ತೆಗೆದುಹಾಕಲೇ?
— ಓದುಗರು, ಮೈಸೂರು

ಉತ್ತರ: ಬೇಡ, ಒಂದೇ ಸಾಲಿನಲ್ಲಿ ಮುಗಿಯುವ ಕೆಲಸ ಇದು. ಆಪ್‌ಆರ್ಮರ್ ಲೇಬಲ್ ನೋಡುವುದಿಲ್ಲ, ಕಡತದ ದಾರಿಯನ್ನು ನೋಡುತ್ತದೆ. ಮೈಎಸ್‌ಕ್ಯುಎಲ್‌ಗೆ ಹಳೆಯ ಫೋಲ್ಡರಿನ ದಾರಿ ಮಾತ್ರ ಬರೆದುಕೊಟ್ಟಿದೆ. ಆಪ್‌ಆರ್ಮರಿನ 'ಟ್ಯೂನಬಲ್ಸ್' ಫೋಲ್ಡರಿನಲ್ಲಿ 'ಏಲಿಯಾಸ್' ಎಂಬ ಕಡತವಿದೆ. ಹಳೆಯ ದಾರಿಗೆ ಬದಲಾಗಿ ಹೊಸ ದಾರಿಯೂ ಸಲ್ಲುತ್ತದೆ ಎಂದು ಅದರಲ್ಲಿ ಸೇರಿಸಿ, ಆಪ್‌ಆರ್ಮರನ್ನು ರೀಲೋಡ್ ಮಾಡಿ. ಆಮೇಲೂ ಅನುಮಾನವಿದ್ದರೆ ಮೈಎಸ್‌ಕ್ಯುಎಲ್‌ನ ಪ್ರೊಫೈಲನ್ನಷ್ಟೇ ಸ್ವಲ್ಪ ಹೊತ್ತು 'ಕಂಪ್ಲೇನ್' ಸ್ಥಿತಿಯಲ್ಲಿಟ್ಟು ಲಾಗ್ ನೋಡಿ. ಆಪ್‌ಆರ್ಮರನ್ನೇ ತೆಗೆದರೆ ಅದೇ ಯಂತ್ರದ ಡಾಕರ್ ಕಂಟೇನರುಗಳು, ಸ್ನ್ಯಾಪ್ ತಂತ್ರಾಂಶಗಳು ಎಲ್ಲವೂ ಆ ರಕ್ಷಣೆ ಕಳೆದುಕೊಳ್ಳುತ್ತವೆ.

ಪ್ರಶ್ನೆ: ಕಾರ್ಯಾಚರಣಾ ವ್ಯವಸ್ಥೆ ತಯಾರಿಸುವವರೇ ಇಂಥ ರಕ್ಷಣೆಗಳನ್ನು ತೆಗೆದುಹಾಕಿದ್ದುಂಟಲ್ಲ? ಅವರಿಗೆ ಬೇಡವಾದದ್ದು ನಮಗೇಕೆ?
— ಓದುಗರು, ಬೆಂಗಳೂರು

ಉತ್ತರ: ಉಂಟು. ಆದರೆ ತೆಗೆದ ರೀತಿಯನ್ನು ನೋಡಬೇಕು. ಓಪನ್‌ಬಿಎಸ್‌ಡಿಯಲ್ಲಿ ನೀಲ್ಸ್ ಪ್ರೊವೋಸ್ ಬರೆದ 'ಸಿಸ್‌ಟ್ರೇಸ್' ಇತ್ತು. ಪ್ರತಿ ಪ್ರೋಗ್ರಾಮು ಕರ್ನಲ್‌ಗೆ ಏನು ಕೇಳಬಹುದು ಎಂಬ ನಿಯಮವನ್ನು ಬೇರೆ ಕಡತದಲ್ಲಿ ಬರೆಯಬೇಕಿತ್ತು. ಇಂಥ ಉಪಕರಣಗಳು ಕೋರಿಕೆಯನ್ನು ಪರೀಕ್ಷಿಸುವುದಕ್ಕೂ ಕರ್ನಲ್ ಅದನ್ನು ಬಳಸುವುದಕ್ಕೂ ನಡುವಿನ ಎಡೆಯಲ್ಲಿ ಕೋರಿಕೆಯನ್ನೇ ಬದಲಿಸಿ ತಪ್ಪಿಸಿಕೊಳ್ಳಬಹುದೆಂದು ರಾಬರ್ಟ್ ವಾಟ್ಸನ್ 2007ರಲ್ಲಿ ತೋರಿಸಿದರು. 2016ರಲ್ಲಿ ಓಪನ್‌ಬಿಎಸ್‌ಡಿಯ 5.9ನೇ ಆವೃತ್ತಿ 'ಪ್ಲೆಡ್ಜ್' ತಂದಿತು. ಇದರಲ್ಲಿ ಪ್ರೋಗ್ರಾಮು ತನಗೆ ಬೇಕಾದದ್ದನ್ನು ತಾನೇ ಮೊದಲು ಘೋಷಿಸುತ್ತದೆ, ಮೀರಿದರೆ ಕರ್ನಲ್ ಅದನ್ನು ಕೊಲ್ಲುತ್ತದೆ. ಅದೇ ವರ್ಷ ಬಂದ 6.0ರಲ್ಲಿ ಸಿಸ್‌ಟ್ರೇಸ್ ಇರಲಿಲ್ಲ. ಕಡತಗಳನ್ನು ಮರೆಮಾಡುವ 'ಅನ್‌ವೇಲ್' 2018ರಲ್ಲಿ ಸೇರಿತು. ಓಪನ್‌ಸೂಸೆ ಟಂಬಲ್‌ವೀಡ್ ಕೂಡ 2025ರಲ್ಲಿ ಹೊಸ ಅನುಸ್ಥಾಪನೆಗಳಿಗೆ ಆಪ್‌ಆರ್ಮರ್ ಬದಲು ಎಸ್‌ಇಲಿನಕ್ಸನ್ನು ಆರಿಸಿತು. ಇವರೆಲ್ಲ ಹೊಸದನ್ನು ಸಿದ್ಧಮಾಡಿಕೊಂಡು ಹಳೆಯದನ್ನು ಬಿಟ್ಟವರು. ನಮ್ಮ ಕಚೇರಿಗಳಲ್ಲಿ ಆಫ್ ಮಾಡುವವರು ಅದರ ಜಾಗದಲ್ಲಿ ಏನನ್ನೂ ಇಡುವುದಿಲ್ಲ, ನನ್ನ ಆಕ್ಷೇಪ ಅದಕ್ಕೆ. ಆನ್ ಇಟ್ಟದ್ದರ ಫಲಕ್ಕೆ ಒಂದು ಉದಾಹರಣೆ: 2019ರಲ್ಲಿ ಕಂಟೇನರುಗಳನ್ನು ಓಡಿಸುವ 'ರನ್‌ಸಿ'ಯಲ್ಲಿ ಒಂದು ದೋಷ ಬಯಲಾಯಿತು. ಕಂಟೇನರಿನ ಒಳಗಿಂದ ಹೊರಗಿನ ಯಂತ್ರವನ್ನೇ ವಶಪಡಿಸಿಕೊಳ್ಳಲು ಅದು ದಾರಿಯಾಗಿತ್ತು. ರೆಡ್‌ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 7ರಲ್ಲಿ ಎಸ್‌ಇಲಿನಕ್ಸನ್ನು ಆನ್ ಇಟ್ಟುಕೊಂಡಿದ್ದವರನ್ನು ಅದೇ ಕಾಪಾಡಿತು.

ಪ್ರಶ್ನೆ: ಹಿಂದಿನವರು ಎಸ್‌ಇಲಿನಕ್ಸ್ ಆಫ್ ಮಾಡಿ ಹೋಗಿ ವರ್ಷಗಳಾಗಿವೆ. ಈಗ ಆನ್ ಮಾಡಿದರೆ ಸರ್ವರ್ ನಿಂತುಹೋದೀತೇ?
— ಓದುಗರು, ಶಿವಮೊಗ್ಗ

ಉತ್ತರ: ಒಮ್ಮೆಲೇ 'ಎನ್‌ಫೋರ್ಸಿಂಗ್' ಮಾಡಿದರೆ ಬೂಟ್ ಆಗದೆಯೂ ಹೋಗಬಹುದು. ಆಫ್ ಇದ್ದಾಗ ಹುಟ್ಟಿದ ಕಡತಗಳಿಗೆ ಲೇಬಲ್ಲೇ ಇರುವುದಿಲ್ಲ. ಮೊದಲು ಬ್ಯಾಕಪ್ ತೆಗೆದುಕೊಳ್ಳಿ. ಆಮೇಲೆ 'ಪರ್ಮಿಸಿವ್' ಸ್ಥಿತಿಗೆ ತಂದು, ಮೂಲ ಫೋಲ್ಡರಿನಲ್ಲಿ 'ಆಟೊರೀಲೇಬಲ್' ಹೆಸರಿನ ಖಾಲಿ ಕಡತ ಇಟ್ಟು (ಹೆಸರಿನ ಆರಂಭದಲ್ಲಿ ಚುಕ್ಕೆ ಇರಲಿ) ರೀಬೂಟ್ ಮಾಡಿ. ಡಿಸ್ಕ್ ದೊಡ್ಡದಿದ್ದರೆ ತುಂಬಾ ಹೊತ್ತು ಹಿಡಿಯುತ್ತದೆ, ನಡುವೆ ಪವರ್ ತೆಗೆಯಬೇಡಿ. ಪರ್ಮಿಸಿವ್‌ನಲ್ಲಿ ಏನನ್ನೂ ತಡೆಯುವುದಿಲ್ಲ, ತಡೆಯುತ್ತಿದ್ದದ್ದನ್ನು ಲಾಗಿನಲ್ಲಿ ಬರೆದಿಡುತ್ತದೆ ಅಷ್ಟೆ. ತಿಂಗಳ ಕೊನೆಯ ಲೆಕ್ಕದ ಕೆಲಸ, ರಾತ್ರಿಯ ಬ್ಯಾಕಪ್ ಎಲ್ಲವೂ ಒಂದು ಸುತ್ತು ಮುಗಿಯುವವರೆಗೆ ಹಾಗೇ ಇರಲಿ. ಲಾಗಿನಲ್ಲಿ ಕಂಡ ಒಂದೊಂದನ್ನೂ ಸರಿಪಡಿಸಿ, ಲಾಗ್ ತಿಳಿಯಾದ ಮೇಲೆ ಎನ್‌ಫೋರ್ಸಿಂಗ್‌ಗೆ ಬದಲಿಸಿ.